ಕಮ್ಮಿ ಬೆಳಕಲ್ಲಿ ಹಳೇ ಮೂವಿ ಕ್ಯಾಮೆರಾ, ಫಾಸ್ಟ್ ಫಿಲ್ಮ್: ಪದೇ ಪದೇ ಕೇಳುವ ಪ್ರಶ್ನೆಗಳು

ತಾತನ ಕಾಲದ ಕ್ಯಾಮೆರಾ ಬೀರುವಿನಿಂದ ಹೊರಗೆ ಬಂದ ಮೇಲೆ ಮೊದಲ ರೋಲನ್ನು ಎಲ್ಲರೂ ಬಿಸಿಲಲ್ಲೇ ತೆಗೆಯುತ್ತಾರೆ. ಅದು ಚೆನ್ನಾಗಿಯೇ ಬರುತ್ತದೆ. ತೊಂದರೆ ಶುರುವಾಗುವುದು ಎರಡನೇ ರೋಲಿಗೆ: ದೀಪಾವಳಿ ರಾತ್ರಿ, ಮದುವೆಮನೆ, ಮೇಳದ ಆಟ, ಮಳೆಗಾಲದ ಸಂಜೆ. ಚಿಕ್ಕಮಗಳೂರು, ಹಾಸನ ಕಡೆಯವರು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಹೆಚ್ಚಿನವು 16 ಎಂಎಂ ಮತ್ತು ಅದಕ್ಕಿಂತ ಚಿಕ್ಕ ಅಳತೆಯ ಸೂಪರ್ 8 ಮೂವಿ ಫಿಲ್ಮ್ ಬಗ್ಗೆ.

ಫಾಸ್ಟ್ ಫಿಲ್ಮ್ ಅಂದ್ರೆ ಯಾವುದು ತಗೊಳ್ಳಲಿ?

ಫಾಸ್ಟ್ ಅಂದರೆ ಕಮ್ಮಿ ಬೆಳಕಿಗೂ ಚಿತ್ರ ಮೂಡುವ ಫಿಲ್ಮ್. ಅದರ ವೇಗದ ಅಂಕಿಗೆ ಐಎಸ್‌ಒ ಎನ್ನುತ್ತಾರೆ, ಅಂಕಿ ದೊಡ್ಡದಾದಷ್ಟೂ ಫಾಸ್ಟ್. ಕಲರ್ ಬೇಕಾದರೆ ಕೊಡಾಕ್ ವಿಷನ್3 500ಟಿ. ಇದು ನೆಗೆಟಿವ್, 16 ಎಂಎಂನಲ್ಲೂ ಇದೆ, ಸೂಪರ್ 8 ಕಾರ್ಟ್ರಿಜ್‌ನಲ್ಲೂ ಇದೆ. ‘ಟಿ’ ಅಂದರೆ ಟಂಗ್‌ಸ್ಟನ್, ಅಂದರೆ 3200 ಕೆಲ್ವಿನ್ ಬಲ್ಬ್ ಬೆಳಕಿಗೆ ಹೊಂದಿಸಿದ ಫಿಲ್ಮ್. ಕಪ್ಪು ಬಿಳುಪು ಬೇಕಾದರೆ 16 ಎಂಎಂಗೆ ಡಬಲ್-ಎಕ್ಸ್ ನೆಗೆಟಿವ್ (ಹಗಲಿಗೆ 250, ಬಲ್ಬಿಗೆ 200), ಇಲ್ಲವೇ ಟ್ರೈ-ಎಕ್ಸ್ ರಿವರ್ಸಲ್ (ಹಗಲಿಗೆ 200, ಬಲ್ಬಿಗೆ 160). ರಿವರ್ಸಲ್ ಅಂದರೆ ತೊಳೆದ ಫಿಲ್ಮಲ್ಲೇ ನೇರ ಚಿತ್ರ ಬರುವಂಥದ್ದು. ಕತ್ತಲಿಗೆ ಮೊದಲ ಸಲ ಇಳಿಯುವವರು ಅದರ ಕಡೆ ಹೋಗಬೇಡಿ. ಅದರಲ್ಲಿ ಅಳತೆ ಅರ್ಧ ಸ್ಟಾಪ್ ತಪ್ಪಿದರೂ ಕಾಣುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು, ಇಲ್ಲವೇ ಅರ್ಧ). ನೆಗೆಟಿವ್ ಅಷ್ಟು ಸಿಡುಕಿನದಲ್ಲ.

ಸ್ಟಿಲ್ ಕ್ಯಾಮೆರಾದಲ್ಲಿ ಕತ್ತಲಾದ್ರೆ 1/15 ಇಡ್ತೀನಿ. ಇಲ್ಲಿ ಯಾಕೆ ಆಗಲ್ಲ?

ಇಲ್ಲಿ ಶಟರ್ ಸುತ್ತುವ ಒಂದು ತಟ್ಟೆ. ಅದರಲ್ಲಿ ಒಂದು ಭಾಗ ಕತ್ತರಿಸಿರುತ್ತಾರೆ. ಆ ಖಾಲಿ ಭಾಗ ಎಷ್ಟು ಡಿಗ್ರಿ ಎನ್ನುವುದೇ ಶಟರ್ ಕೋನ. ಪ್ರತಿ ಫ್ರೇಮಿಗೆ ಬೆಳಕು ಬೀಳುವ ಸಮಯ ತಿಳಿಯಲು ಆ ಕೋನವನ್ನು 360ರಿಂದ ಭಾಗಿಸಿ, ಬಂದದ್ದನ್ನು ಮತ್ತೆ ಫ್ರೇಮ್ ವೇಗದಿಂದ ಭಾಗಿಸಿ. 180 ಡಿಗ್ರಿ, ಸೆಕೆಂಡಿಗೆ 24 ಫ್ರೇಮ್ ಆದರೆ 1/48 ಸೆಕೆಂಡ್. ಹೆಚ್ಚಿನ ಕ್ಯಾಮೆರಾಗಳಲ್ಲಿ ಈ ಕೋನವನ್ನು ಹೆಚ್ಚಿಸಲು ಬರುವುದಿಲ್ಲ. ಹಾಗಾಗಿ ನಿಮ್ಮ ಕೈಯಲ್ಲಿ ಇರುವುದು ಅಪರ್ಚರ್ (ಲೆನ್ಸ್ ಒಳಗಿನ ಬೆಳಕಿನ ಕಿಂಡಿ; ಎಫ್ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು), ಫಿಲ್ಮ್, ಮತ್ತು ಎದುರಿಗಿರುವ ಬೆಳಕು, ಇಷ್ಟೇ.

ಬೋಲೆಕ್ಸ್ ರಿಫ್ಲೆಕ್ಸ್ ಇದೆ. ಬೆಳಕು ಅಳೆಯೋ ಮೀಟರ್‌ನಲ್ಲಿ 1/50 ಇಟ್ಟುಕೊಂಡ್ರೆ ಸರೀನಾ?

ಸರಿಯಲ್ಲ. ನಮ್ಮ ಕಡೆಯ ಕಪ್ಪಗಿನ ರೋಲುಗಳಲ್ಲಿ ಎಷ್ಟೋ ಈ ಒಂದೇ ಕಾರಣಕ್ಕೆ ಕಪ್ಪಗಾಗಿವೆ. ಸ್ವಿಟ್ಜರ್ಲೆಂಡಿನ 16 ಎಂಎಂ ಕ್ಯಾಮೆರಾ ಬೋಲೆಕ್ಸ್ ಎಚ್16 ರಿಫ್ಲೆಕ್ಸ್‌ನ ರೆಕ್ಸ್-5 ಮಾದರಿಯಲ್ಲಿ ಶಟರ್ ಕೋನ 130 ಡಿಗ್ರಿ ಮಾತ್ರ. 24 ಫ್ರೇಮ್‌ಗೆ ಅದು 1/65 ಸೆಕೆಂಡ್ ಆಯಿತು. ಇದರ ಮೇಲೆ, ನಿಮಗೆ ವ್ಯೂಫೈಂಡರ್‌ನಲ್ಲಿ ಚಿತ್ರ ಕಾಣಿಸಲು ಲೆನ್ಸ್ ಹಿಂದೆ ಒಂದು ಪ್ರಿಸಂ ಕೂತಿದೆ. ಅದೂ ಸ್ವಲ್ಪ ಬೆಳಕು ತಿನ್ನುತ್ತದೆ. ಎರಡೂ ಸೇರಿಸಿ ಮೀಟರ್‌ನಲ್ಲಿ 1/80 ಇಟ್ಟುಕೊಳ್ಳಬೇಕು. 1/50ಗೆ ಹೋಲಿಸಿದರೆ ಇದು ಮೂರನೇ ಎರಡು ಸ್ಟಾಪ್ ನಷ್ಟ. ಬಿಸಿಲಲ್ಲಿ ಗೊತ್ತೇ ಆಗುವುದಿಲ್ಲ. ದೀಪದ ಬೆಳಕಲ್ಲಿ ಮುಖವೇ ಹೋಗುತ್ತದೆ.

ಇನ್ನೊಂದು ಇದೆ. ಈ ಮಾದರಿಯಲ್ಲಿ ಶಟರ್ ಕೋನ ಕಮ್ಮಿ ಮಾಡುವ ಸಣ್ಣ ಲಿವರ್ ಇರುತ್ತದೆ. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿದ್ದ ಕ್ಯಾಮೆರಾದಲ್ಲಿ ಅದು ಅರ್ಧ ಮುಚ್ಚಿಕೊಂಡಿರಬಹುದು. ಫಿಲ್ಮ್ ಹಾಕುವ ಮೊದಲೇ ಪೂರ್ತಿ ತೆರೆದಿದೆಯಾ ನೋಡಿ.

ರಷ್ಯಾದ ಕ್ರಾಸ್ನೊಗೋರ್ಸ್ಕ್-3 ಇದ್ದವರಿಗೆ: ಕೋನ 150 ಡಿಗ್ರಿ, 24 ಫ್ರೇಮ್‌ಗೆ 1/58. ಮೀಟರ್‌ನಲ್ಲಿ 1/60 ಇಟ್ಟರೆ ಸಾಕು.

ಅಷ್ಟಕ್ಕೂ ಎಷ್ಟು ಬೆಳಕು ಬೇಕು? ಒಂದು ಅಂಕಿ ಹೇಳಿ.

ಹೇಳುತ್ತೇನೆ. ಐಎಸ್‌ಒ 500, 1/50 ಸೆಕೆಂಡ್, ಎಫ್ 1.4: ಮುಖದ ಮೇಲೆ 50 ಲಕ್ಸ್ (ಬೀಳುವ ಬೆಳಕಿನ ಅಳತೆ) ಬೇಕು. ಎಫ್ 2 ಆದರೆ 100. ಎಫ್ 2.8 ಆದರೆ 200. ಒಂದೊಂದು ಸ್ಟಾಪಿಗೆ ದುಪ್ಪಟ್ಟು.

100 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬ್ ಒಂದು ಮೀಟರ್ ದೂರದಲ್ಲಿ ಸುಮಾರು 100 ಲಕ್ಸ್ ಕೊಡುತ್ತದೆ. ಎರಡು ಮೀಟರ್ ದೂರ ಹೋದರೆ ಕಾಲುಭಾಗ, ಅಂದರೆ 25. ಹಾಲಿನ ಮಧ್ಯದಲ್ಲಿ ಒಂದೇ ಬಲ್ಬ್ ನೇತಾಡುತ್ತಿದ್ದರೆ ಅದರ ಕೆಳಗೆ ಕೂತವರು ಬರುತ್ತಾರೆ, ಬಾಗಿಲ ಹತ್ತಿರ ನಿಂತವರು ಬರುವುದಿಲ್ಲ.

ಈ ಲೆಕ್ಕವನ್ನೇ ಕ್ಯಾಮೆರಾಗಳಿಗೆ ಹಾಕಿ ನೋಡಿ, ಮಜಾ ಇದೆ. ಬೋಲೆಕ್ಸ್ ರಿಫ್ಲೆಕ್ಸ್, ಎಫ್ 1.4 ಲೆನ್ಸ್, 24 ಫ್ರೇಮ್: 80 ಲಕ್ಸ್ ಬೇಕು. ಕ್ರಾಸ್ನೊಗೋರ್ಸ್ಕ್-3, ಅದರ ಜೊತೆ ಬರುವ ಎಫ್ 1.9 ಜೂಮ್: 105, ಜೂಮ್ ಒಳಗಿನ ಗಾಜುಗಳ ನಷ್ಟ ಸೇರಿಸಿದರೆ ಇನ್ನೂ ಜಾಸ್ತಿ. ಕ್ಯಾನನ್ 310ಎಕ್ಸ್‌ಎಲ್ ಎನ್ನುವ ಪುಟ್ಟ ಸೂಪರ್ 8 ಕ್ಯಾಮೆರಾ, ಎಫ್ 1.0 ಲೆನ್ಸ್, 220 ಡಿಗ್ರಿ ಶಟರ್, 18 ಫ್ರೇಮ್: ಲೆಕ್ಕದ ಪ್ರಕಾರ 15 ಲಕ್ಸ್ ಸಾಕು! ಎಕ್ಸ್‌ಎಲ್ ಎಂಬ ಹೆಸರೇ ಇದ್ದ ಬೆಳಕಲ್ಲಿ ತೆಗೆಯುವ ಕ್ಯಾಮೆರಾಗಳಿಗೆ ಇಟ್ಟದ್ದು. 1971ರಲ್ಲಿ ಕೊಡಾಕ್ ಈ ಜಾತಿಯನ್ನು ಶುರು ಮಾಡಿತು. ಸ್ವಿಟ್ಜರ್ಲೆಂಡಿನ ದೊಡ್ಡ ಕ್ಯಾಮೆರಾ ಇದ್ದವರಿಗೆ ಇದನ್ನು ಹೇಳಿದರೆ ಕೋಪ ಬರುತ್ತದೆ. ಆದರೆ ದೀಪಾವಳಿ ರಾತ್ರಿಗೆ ನಾನು ಕೈಗೆ ತೆಗೆದುಕೊಳ್ಳುವುದು ಎಕ್ಸ್‌ಎಲ್ ಕ್ಯಾಮೆರಾವನ್ನೇ.

ಎಣ್ಣೆ ದೀಪದ ಬೆಳಕಲ್ಲೇ ಮುಖ ತೆಗೀಬೇಕು. ಆಗುತ್ತಾ?

ಆಗುತ್ತದೆ. ದೂರ ಲೆಕ್ಕ ಹಾಕಬೇಕು ಅಷ್ಟೇ. ಒಂದು ಮೇಣದಬತ್ತಿ ಒಂದು ಮೀಟರ್ ದೂರದಲ್ಲಿ ಕೊಡುವುದು ಬರೀ 1 ಲಕ್ಸ್. ಒಂದು ಅಡಿಗೆ ಬಂದರೆ ಸುಮಾರು 11. ಅರ್ಧ ಅಡಿಗೆ ಬಂದರೆ 44. ಒಳ್ಳೆ ಎಣ್ಣೆ ಬತ್ತಿಯನ್ನೂ ಹೆಚ್ಚುಕಮ್ಮಿ ಒಂದು ಮೇಣದಬತ್ತಿ ಅಂತಲೇ ಇಟ್ಟುಕೊಳ್ಳಿ. ಸಣ್ಣ ಬತ್ತಿ ಇನ್ನೂ ಕಮ್ಮಿ ಕೊಡುತ್ತದೆ.

ಹಾಗಾದರೆ ಐದು ಬತ್ತಿ ಹಚ್ಚಿದ ಕಾಲುದೀಪ, ಮುಖದಿಂದ ಒಂದು ಅಡಿ ದೂರ: 50 ಲಕ್ಸ್ ಆಸುಪಾಸು. ಎಫ್ 1.4ಗೆ ಬೇಕಾದದ್ದು ಅಷ್ಟೇ ಅಲ್ವಾ? ದೀಪ ಹಚ್ಚಲು ಬಗ್ಗಿದವರ ಮುಖ ಆ ದೂರಕ್ಕೆ ಬಂದೇ ಬರುತ್ತದೆ. ಅವರು ನೆಟ್ಟಗೆ ನಿಂತ ಕ್ಷಣ ಮುಖ ಕತ್ತಲಿಗೆ ಹೋಗುತ್ತದೆ. ಅದಕ್ಕೇ ಕೀ ಪೂರ್ತಿ ಕೊಟ್ಟು ಮೊದಲೇ ಸಿದ್ಧವಾಗಿರಿ. ಬೋಲೆಕ್ಸ್‌ಗೆ ಒಂದು ಸಲ ಕೀ ಕೊಟ್ಟರೆ 24 ಫ್ರೇಮ್‌ನಲ್ಲಿ 28 ಸೆಕೆಂಡ್ ಓಡುತ್ತದೆ. ಬಗ್ಗುವ ಮೊದಲು ಬಟನ್ ಒತ್ತಿ, ನಿಂತ ಮೇಲೂ ಒಂದೆರಡು ಸೆಕೆಂಡ್ ಬಿಡಿ.

ಎಲ್ಲವನ್ನೂ ಮೀಟರ್ ಹೇಳಿದಷ್ಟೇ ಬೆಳಗಿಸಬೇಕು ಎಂದಿಲ್ಲ. ದೀಪದ ಬೆಳಕಿನ ಮುಖ ಒಂದು ಸ್ಟಾಪ್ ಕಮ್ಮಿ ಇದ್ದರೇ ದೀಪದ ಬೆಳಕಿನಂತೆ ಕಾಣುವುದು. ಅಂದರೆ ಅದೇ ಐದು ಬತ್ತಿಗೆ ಒಂದೂವರೆ ಅಡಿ ದೂರದವರೆಗೂ ನಡೆಯುತ್ತದೆ. ಹಿಂದಿನ ಗೋಡೆ, ಮೂಲೆಯಲ್ಲಿ ಕೂತ ನೆಂಟರು ಕಾಣಬೇಕು ಎಂದು ಹಠ ಹಿಡಿಯಬೇಡಿ. ಫ್ರೇಮಿನಲ್ಲಿ ಒಂದು ಜಾಗ ಸರಿಯಾಗಿ ಬೆಳಗಿದ್ದರೆ ಉಳಿದದ್ದು ಕಪ್ಪಾಗಿದ್ದರೂ ಕಣ್ಣು ಒಪ್ಪುತ್ತದೆ. ಎಲ್ಲವೂ ಅರೆಬರೆ ಬೆಳಗಿದ್ದರೆ ಒಪ್ಪುವುದಿಲ್ಲ, ಬೂದು ಬೂದಾಗಿ ಕಾಣುತ್ತದೆ.

ಕೊಪ್ಪ, ಶೃಂಗೇರಿ ಕಡೆ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಹಾಡುತ್ತಾ ಬರುವುದನ್ನು ತೆಗೆಯುವವರಿಗೂ ಇದೇ ಮಾತು. ದೂರದಿಂದ ಬರೀ ಒಂದು ಬೆಳಕಿನ ಚುಕ್ಕಿ ಬರುತ್ತದೆ, ಅದೂ ಚೆಂದವೇ. ಮುಖ ಬೇಕಾದರೆ ದೀಪ ಹಿಡಿದವರ ಪಕ್ಕಕ್ಕೇ ಹೋಗಿ. ಗಾಳಿಗೆ ಆರದಂತೆ ಅಡ್ಡ ಹಿಡಿದ ಅಂಗೈ ಕೆಂಪಗೆ ಹೊಳೆಯುತ್ತಿರುತ್ತದೆ. ಅಲ್ಲಿ ಬೆಳಕು ಬೇಕಾದಷ್ಟಿದೆ.

ಯಾವ ಮೀಟರ್ ನಂಬಲಿ?

ವೆಸ್ಟನ್ ಮಾಸ್ಟರ್ ಥರದ ಸೆಲೆನಿಯಂ ಮೀಟರ್‌ಗಳಿಗೆ ಬ್ಯಾಟರಿ ಬೇಡ. ಆದರೆ ಈ ಬೆಳಕಲ್ಲಿ ಮುಳ್ಳು ಅಲುಗುವುದೇ ಕಷ್ಟ. ಅದನ್ನು ಹಗಲಿಗೆ ಇಟ್ಟುಕೊಳ್ಳಿ. ಕ್ಯಾಮೆರಾ ಒಳಗಿನ, ಬ್ಯಾಟರಿಯಿಂದ ನಡೆಯುವ ಸಿಡಿಎಸ್ ಮೀಟರ್‌ಗಳದ್ದು ಬೇರೆ ಕಥೆ. ಅವುಗಳಲ್ಲಿ ಬಹಳಷ್ಟಕ್ಕೆ ಬೇಕಾದದ್ದು 1.35 ವೋಲ್ಟಿನ ಪಾದರಸದ ಬ್ಯಾಟರಿ, ಅದು ಈಗ ಬರುವುದಿಲ್ಲ. ಅಂಗಡಿಯಲ್ಲಿ ಸಿಗುವ 1.5 ವೋಲ್ಟಿನದು ಹಾಕಿದರೆ ಹಲವು ಕ್ಯಾಮೆರಾಗಳಲ್ಲಿ ಅಳತೆ ತಪ್ಪುತ್ತದೆ. ಕಿವಿಯ ಯಂತ್ರಕ್ಕೆ ಹಾಕುವ 675 ನಂಬರಿನ ಜಿಂಕ್-ಏರ್ ಬ್ಯಾಟರಿ 1.4 ವೋಲ್ಟ್, ಅದು ಹತ್ತಿರಕ್ಕೆ ಬರುತ್ತದೆ. ಹಿಯರಿಂಗ್ ಏಡ್ ಮಾರುವಲ್ಲಿ ಕೇಳಿ. ಗಾತ್ರ ಸ್ವಲ್ಪ ಚಿಕ್ಕದು, ಸುತ್ತ ಒಂದು ರಬ್ಬರ್ ಉಂಗುರ ಹಾಕಿದರೆ ಕೂರುತ್ತದೆ.

ಕೈಯಲ್ಲಿ ಹಿಡಿಯುವ, ಬಿಳಿ ಗುಮ್ಮಟ ಇರುವ ಮೀಟರ್ ಸಿಕ್ಕರೆ ಅದೇ ಒಳ್ಳೆಯದು. ಮುಖದ ಹತ್ತಿರ ಹಿಡಿದು, ಗುಮ್ಮಟವನ್ನು ಕ್ಯಾಮೆರಾ ಕಡೆ ತಿರುಗಿಸಿ ಓದಿ. ಫೋನಿನ ಆ್ಯಪ್ ಕೂಡ ನಡೆಯುತ್ತದೆ. ಆದರೆ ಅದು ಎದುರಿಂದ ವಾಪಸ್ ಬರುವ ಬೆಳಕನ್ನು ಅಳೆಯುತ್ತದೆ. ಫೋನನ್ನು ಮುಖದ ಹತ್ತಿರ ಒಯ್ದು, ಕೆನ್ನೆ ಮಾತ್ರ ತುಂಬುವಂತೆ ಹಿಡಿದು ನೋಡಿ. ನಿಂತಲ್ಲಿಂದಲೇ ಇಡೀ ಕೋಣೆ ಅಳೆದರೆ ಅದು ಹೇಳುವ ಅಂಕಿ ಯಾವುದಕ್ಕೂ ಬಾರದು.

ನನ್ನ ಸೂಪರ್ 8 ತಾನೇ ಅಳೆದುಕೊಳ್ಳುತ್ತೆ. ನಾನು ಏನಾದ್ರೂ ಮಾಡಬೇಕಾ?

ಮಾಡಬೇಕು. ಕಾರ್ಟ್ರಿಜ್ ಬದಿಯಲ್ಲಿರುವ ಕಚ್ಚು ನೋಡಿ ಕ್ಯಾಮೆರಾ ಫಿಲ್ಮ್ ವೇಗ ತಿಳಿದುಕೊಳ್ಳುತ್ತದೆ. ಆದರೆ ಬಹಳಷ್ಟು ಹಳೇ ಕ್ಯಾಮೆರಾಗಳಿಗೆ 40 ಮತ್ತು 160 ಬಿಟ್ಟರೆ ಬೇರೆ ಗೊತ್ತಿಲ್ಲ. 500 ಹಾಕಿದರೂ 160 ಎಂದೇ ಓದಿ, ಒಂದೂ ಮುಕ್ಕಾಲು ಸ್ಟಾಪಿನ ಹತ್ತಿರ ಬೆಳಕು ಜಾಸ್ತಿ ಕೊಡುತ್ತದೆ. ನೆಗೆಟಿವ್ ಇದನ್ನು ತಡೆದುಕೊಳ್ಳುತ್ತದೆ. ಕತ್ತಲಲ್ಲಂತೂ ಲೆನ್ಸ್ ಹೇಗೂ ಪೂರ್ತಿ ತೆರೆದೇ ಇರುತ್ತದೆ, ವ್ಯತ್ಯಾಸ ಇಲ್ಲ.

ನಿಜವಾದ ತೊಂದರೆ ಫ್ರೇಮಿನೊಳಗೆ ದೀಪದ ಜ್ವಾಲೆ ಇದ್ದಾಗ. ಕ್ಯಾಮೆರಾ ಅದನ್ನು ನೋಡಿ ‘ಓಹೋ, ಬೆಳಕಿದೆ’ ಎಂದುಕೊಂಡು ಅಪರ್ಚರ್ ಮುಚ್ಚುತ್ತದೆ. ಮ್ಯಾನುಯಲ್ ಇದ್ದರೆ ಪೂರ್ತಿ ತೆರೆದು ಅಲ್ಲೇ ನಿಲ್ಲಿಸಿ. ಇಲ್ಲದಿದ್ದರೆ ಬ್ಯಾಕ್‌ಲೈಟ್ ಬಟನ್ ಒತ್ತಿ. ಅದೂ ಇಲ್ಲವೆಂದರೆ ಜ್ವಾಲೆಯನ್ನು ಫ್ರೇಮಿನಿಂದ ಹೊರಗಿಡಿ.

ಟ್ಯೂಬ್‌ಲೈಟ್ ಕೆಳಗೆ ತೆಗೆದದ್ದು ಮಿಣುಕುತ್ತೆ. ಯಾಕೆ?

ನಮ್ಮ ಕರೆಂಟು 50 ಹರ್ಟ್ಸ್. ಚೋಕ್ ಇರುವ ಹಳೇ ಟ್ಯೂಬು, ಅಗ್ಗದ ಎಲ್‌ಇಡಿ ಬಲ್ಬುಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಫಿಲ್ಮಿಗೆ ಗೊತ್ತಾಗುತ್ತದೆ. ಶಟರ್ ತೆರೆದಿರುವ ಸಮಯದಲ್ಲಿ ಈ ಮಿಣುಕು ಪೂರ್ಣ ಸಂಖ್ಯೆಯಲ್ಲಿ ಹಿಡಿಸಿದರೆ ಎಲ್ಲಾ ಫ್ರೇಮಿಗೂ ಒಂದೇ ಅಳತೆಯ ಬೆಳಕು. 1/50 ಸೆಕೆಂಡಿನಲ್ಲಿ ಸರಿಯಾಗಿ ಎರಡು ಮಿಣುಕು ಹಿಡಿಸುತ್ತವೆ.

ಬೋಲೆಕ್ಸ್ ರಿಫ್ಲೆಕ್ಸ್ ಇದ್ದವರ ಅದೃಷ್ಟ ಇಲ್ಲಿದೆ. 130 ಡಿಗ್ರಿ, 18 ಫ್ರೇಮ್ ಲೆಕ್ಕ ಹಾಕಿ: 1/50ಕ್ಕೆ ಬಂದು ನಿಲ್ಲುತ್ತದೆ. ಮಿಣುಕೂ ಹೋಯಿತು, ಅರ್ಧ ಸ್ಟಾಪಿನ ಹತ್ತಿರ ಹೆಚ್ಚು ಬೆಳಕೂ ಲಾಭ. ಕ್ರಾಸ್ನೊಗೋರ್ಸ್ಕ್‌ನಲ್ಲಿ 21 ಫ್ರೇಮ್ ಹತ್ತಿರ ಇಡಬೇಕು. 180 ಡಿಗ್ರಿ ಕ್ಯಾಮೆರಾ ಆದರೆ 25 ಫ್ರೇಮ್. ಸ್ಪ್ರಿಂಗ್ ಮೋಟಾರುಗಳ ವೇಗ ಆಚೀಚೆ ಆಗುತ್ತಿರುತ್ತದೆ, ಹಾಗಾಗಿ ಪೂರ್ತಿ ಹೋಗುತ್ತದೆ ಎಂದು ಮಾತು ಕೊಡಲಾರೆ. ಫಿಲಮೆಂಟ್ ಬಲ್ಬಿಗೆ ಈ ಕಾಟ ಹೆಚ್ಚುಕಮ್ಮಿ ಇಲ್ಲ. ಅದರ ತಂತಿ ತಣ್ಣಗಾಗುವಷ್ಟರಲ್ಲಿ ಮತ್ತೆ ಕರೆಂಟ್ ಬಂದಿರುತ್ತದೆ.

85 ಫಿಲ್ಟರ್ ಹಾಕಲೇಬೇಕಾ?

ಕಮ್ಮಿ ಬೆಳಕಲ್ಲಿ ಬೇಡ. ಹಗಲಿನ ಬೆಳಕಿಗೆ ಈ ಕಿತ್ತಳೆ ಫಿಲ್ಟರ್ ಹಾಕಿದರೆ 500 ಹೋಗಿ 320 ಆಗುತ್ತದೆ. ನೀಲಿ ಛಾಯೆಯನ್ನು ಸ್ಕ್ಯಾನ್ ಆದ ಮೇಲೆ ಸರಿ ಮಾಡಿಕೊಳ್ಳಬಹುದು, ಇಲ್ಲದ ಬೆಳಕನ್ನು ತರಲು ಬರುವುದಿಲ್ಲ. ಸೂಪರ್ 8 ಕ್ಯಾಮೆರಾಗಳಲ್ಲಿ ಈ ಫಿಲ್ಟರ್ ಒಳಗೇ ಇರುತ್ತದೆ. ಸೂರ್ಯನ ಚಿತ್ರದಿಂದ ಬಲ್ಬಿನ ಚಿತ್ರಕ್ಕೆ ಸ್ವಿಚ್ ತಿರುಗಿಸಿದರೆ ಅದು ಪಕ್ಕಕ್ಕೆ ಸರಿಯುತ್ತದೆ. ಎಣ್ಣೆ ದೀಪ ಸುಮಾರು 1900 ಕೆಲ್ವಿನ್, ಕಿತ್ತಳೆಯಾಗಿ ಬರುತ್ತದೆ, ಬರಲಿ ಬಿಡಿ. 6500 ಕೆಲ್ವಿನ್ನಿನ ಬಿಳಿ ಟ್ಯೂಬೂ ಎಣ್ಣೆ ದೀಪವೂ ಒಂದೇ ಫ್ರೇಮಿನಲ್ಲಿದ್ದರೆ ಮಾತ್ರ ತಲೆನೋವು. ಟ್ಯೂಬ್ ಆರಿಸಲು ಮನೆಯವರನ್ನು ಒಪ್ಪಿಸಿ.

ಪುಶ್ ಮಾಡಿಸಿದ್ರೆ ಸಾಕಲ್ವಾ?

ಪುಶ್ ಅಂದರೆ ಲ್ಯಾಬ್‌ನಲ್ಲಿ ಫಿಲ್ಮನ್ನು ಡೆವಲಪರ್‌ನಲ್ಲಿ ಜಾಸ್ತಿ ಹೊತ್ತು ಇಡುವುದು. ಮಧ್ಯದ ಛಾಯೆಗಳು ಮೇಲೆ ಬರುತ್ತವೆ. ಆದರೆ ನೆರಳಿನಲ್ಲಿ ಬೆಳಕೇ ಬಿದ್ದಿಲ್ಲದಿದ್ದರೆ ಎಷ್ಟು ಹೊತ್ತು ಇಟ್ಟರೂ ಅಲ್ಲಿ ಏನೂ ಮೂಡುವುದಿಲ್ಲ. ಗ್ರೇನ್ (ಚಿತ್ರದಲ್ಲಿ ಕಾಣುವ ಮರಳಿನಂಥ ಕಣ) ಏರುತ್ತದೆ, ಕಾಂಟ್ರಾಸ್ಟ್ ಏರುತ್ತದೆ. 500ಟಿಗೆ ಒಂದು ಸ್ಟಾಪ್ ಪುಶ್ ಪರವಾಗಿಲ್ಲ. ಎರಡು ಸ್ಟಾಪ್ 16 ಎಂಎಂನಲ್ಲಿ ಬೇಕಾದರೆ ನೋಡಿ, ಸೂಪರ್ 8ನಲ್ಲಿ ನಾನು ಹೇಳುವುದಿಲ್ಲ. ಪುಶ್ ಆಗುವುದು ಇಡೀ ರೋಲಿಗೆ. ಅರ್ಧ ರೋಲ್ ಹಗಲು, ಅರ್ಧ ರೋಲ್ ರಾತ್ರಿ ಅಂತ ತೆಗೆದು ಆಮೇಲೆ ಲ್ಯಾಬ್‌ನವರನ್ನು ಗೋಳಾಡಿಸಬೇಡಿ.

ಗ್ರೇನ್ ಜಾಸ್ತಿ ಬಂತು. ಫಿಲ್ಮ್ ಕೆಟ್ಟಿತ್ತಾ?

ಬಹುಶಃ ಬೆಳಕು ಸಾಲದೇ ಹೋಗಿರುತ್ತದೆ. ಅಂಡರ್ ಆದ ನೆಗೆಟಿವನ್ನು ಸ್ಕ್ಯಾನ್‌ನಲ್ಲಿ ಎಳೆದು ಬೆಳಗಿಸಿದರೆ ಕಪ್ಪಿಗೆ ಹಾಲು ಬೆರೆಸಿದಂತಾಗುತ್ತದೆ, ಗ್ರೇನ್ ಕುಣಿಯುತ್ತದೆ. ಬೆಳಕು ಇರುವಲ್ಲೆಲ್ಲಾ 500ನ್ನು 400 ಅಥವಾ 320 ಎಂದೇ ಅಳೆಯಿರಿ. ಅರ್ಧ ಸ್ಟಾಪ್ ಜಾಸ್ತಿ ಬಿದ್ದರೆ ಗ್ರೇನ್ ತಣ್ಣಗಾಗುತ್ತದೆ. ಸೂಪರ್ 8 ಫ್ರೇಮು 16 ಎಂಎಂ ಫ್ರೇಮಿನ ಮೂರನೇ ಒಂದು ಭಾಗಕ್ಕಿಂತಲೂ ಚಿಕ್ಕದು, ಅದರಲ್ಲಿ ಗ್ರೇನ್ ಎದ್ದು ಕಾಣುವುದು ಸಹಜವೇ.

12 ಫ್ರೇಮಿಗೆ ಇಳಿಸಿ ತೆಗೆಯಬಹುದಾ?

ಒಂದು ಸ್ಟಾಪ್ ಪೂರ್ತಿ ಸಿಗುತ್ತದೆ. ಆದರೆ 24ರಲ್ಲಿ ತೋರಿಸಿದರೆ ಎಲ್ಲರೂ ಎರಡರಷ್ಟು ವೇಗದಲ್ಲಿ ಓಡಾಡುತ್ತಾರೆ. ಕೂತಿರುವ ಅಜ್ಜ, ಉರಿಯುವ ಬಚ್ಚಲ ಒಲೆ, ಖಾಲಿ ರಸ್ತೆ ಇವಕ್ಕೆ ನಡೆಯುತ್ತದೆ. ಮದುವೆಗೆ ಬೇಡ.

ಫೋಕಸ್ ಸಿಗೋದೇ ಇಲ್ಲ!

ಲೆನ್ಸ್ ಪೂರ್ತಿ ತೆರೆದಾಗ ಫೋಕಸ್ ಹಿಡಿದುಕೊಳ್ಳುವ ಜಾಗ ತೀರಾ ಕಮ್ಮಿ. 25 ಎಂಎಂ ಲೆನ್ಸ್, ಎಫ್ 1.4, ಐದು ಅಡಿ ದೂರ: ಮುಖದ ಹಿಂದೆ ಮುಂದೆ ಸೇರಿ 15 ಸೆಂಟಿಮೀಟರ್ ಆಸುಪಾಸು. ಬೋಲೆಕ್ಸ್ ವ್ಯೂಫೈಂಡರ್ ಕತ್ತಲಲ್ಲಿ ಏನೂ ತೋರಿಸುವುದಿಲ್ಲ. ಹೊಲಿಗೆಯವರ ಟೇಪ್ ತನ್ನಿ. ಕ್ಯಾಮೆರಾ ಮೇಲೆ ಫಿಲ್ಮ್ ಇರುವ ಜಾಗಕ್ಕೆ ಒಂದು ಗುರುತು ಇರುತ್ತದೆ, ಅಲ್ಲಿಂದ ಕಣ್ಣಿನವರೆಗೆ ಅಳೆದು ಲೆನ್ಸ್ ಮೇಲೆ ಅದೇ ಅಂಕಿ ಇಡಿ. ಜೂಮ್ ಇದ್ದರೆ ಪೂರ್ತಿ ಒಳಗೆ ಹೋಗಿ, ಕಣ್ಣಿನ ಮೇಲೆ ಫೋಕಸ್ ಮಾಡಿ, ಆಮೇಲೆ ಹೊರಗೆ ಬನ್ನಿ. ಅದಕ್ಕೂ ಮೊದಲು ಐಪೀಸನ್ನು ನಿಮ್ಮ ಕಣ್ಣಿಗೆ ಹೊಂದಿಸಿಕೊಂಡಿರಬೇಕು.

ಸುಲಭದ ದಾರಿ ವೈಡ್ ಲೆನ್ಸ್. 10 ಎಂಎಂ ಸ್ವಿಟಾರ್, ಎಫ್ 1.6ರಲ್ಲೂ, ಎರಡು ಮೀಟರ್‌ಗೆ ಇಟ್ಟರೆ ನಾಲ್ಕೂವರೆ ಅಡಿಯಿಂದ ಹನ್ನೆರಡು ಅಡಿವರೆಗೆ ಹಿಡಿಯುತ್ತದೆ. ರಿಫ್ಲೆಕ್ಸ್ ಬೋಲೆಕ್ಸ್‌ಗೆ 50 ಎಂಎಂಗಿಂತ ಚಿಕ್ಕ ಲೆನ್ಸ್ ಕೊಳ್ಳುವಾಗ ಆರ್‌ಎಕ್ಸ್ ಎಂದು ಬರೆದಿರುವುದನ್ನೇ ಕೊಳ್ಳಿ. ಆ ಪ್ರಿಸಂಗೆ ಹೊಂದಿಸಿ ಮಾಡಿದ್ದು ಅವನ್ನೇ. ಬೇರೆಯವು ಬಿಸಿಲಲ್ಲಿ ನಡೆದರೂ ಪೂರ್ತಿ ತೆರೆದಾಗ ಮಂಜಾಗುತ್ತವೆ.

ಹಂಚಿನ ಮನೆ ಒಳಗೆ ಗಾಜಿನ ಹಂಚಿಂದ ಬಿಸಿಲು ಬೀಳುತ್ತೆ. ಹೇಗೆ ಅಳೆಯಲಿ?

ಮಲೆನಾಡಿನ ಮನೆಗಳಲ್ಲಿ ಇದಕ್ಕಿಂತ ಒಳ್ಳೆ ಲೈಟಿಂಗ್ ಇಲ್ಲ. ಆ ಬಿಸಿಲ ಕೋಲಿಗೂ ಪಕ್ಕದ ಕತ್ತಲಿಗೂ ಐದಾರು ಸ್ಟಾಪ್ ಅಂತರ ಇರಬಹುದು. ಎರಡನ್ನೂ ಅಳೆಯಿರಿ, ಆದರೆ ಸರಾಸರಿ ತೆಗೆಯಬೇಡಿ. ಮೊರ ಹಿಡಿದು ಅಕ್ಕಿ ಕೇರುತ್ತಿರುವ ಅಜ್ಜಿ ಇದ್ದಾರೆ ಅಂದುಕೊಳ್ಳಿ. ಬಿಸಿಲು ಮೊರದ ಮೇಲೆ ಬೀಳುವಂತೆ ಕೂರಲು ಹೇಳಿ. ಬಿಳಿ ಅಕ್ಕಿ ಆ ಬೆಳಕನ್ನು ಕೆಳಗಿನಿಂದ ಅವರ ಮುಖಕ್ಕೆ ಎರಚುತ್ತದೆ. ಮೊರ ಮೇಲೆ ಹಾರಿದಾಗ ಮುಖ ಒಂದಿಷ್ಟು ಬೆಳಗಾಗುತ್ತದೆ, ಇಳಿದಾಗ ಮಂಕಾಗುತ್ತದೆ, ತೌಡಿನ ಧೂಳು ಬಿಸಿಲ ಕೋಲಿನೊಳಗೆ ಏರುತ್ತದೆ. ಮೀಟರ್ ಹಿಡಿಯಬೇಕಾದ್ದು ಮುಖದ ಹತ್ತಿರ. ಅಕ್ಕಿ ಮೂರು ಸ್ಟಾಪ್ ಓವರ್ ಆದರೂ ನೆಗೆಟಿವ್ ಅದನ್ನು ಹಿಡಿದುಕೊಳ್ಳುತ್ತದೆ. ಇದು ಹಗಲಿನ ಬೆಳಕು, ಫಿಲ್ಟರ್ ಇಲ್ಲದೆ ನೀಲಿಗೆ ವಾಲುತ್ತದೆ, ಸ್ಕ್ಯಾನ್‌ನಲ್ಲಿ ಸರಿ ಮಾಡಿಸಿ.

ಕಾಫಿ ತೋಟದೊಳಗೆ ಹಗಲಲ್ಲೂ ಫಾಸ್ಟ್ ಫಿಲ್ಮ್ ಬೇಕಾ?

ಸಿಲ್ವರ್ ಓಕ್, ಕಾಡುಮರಗಳ ನೆರಳು ದಟ್ಟವಾಗಿದ್ದರೆ ಬಯಲಿಗಿಂತ ಹಲವು ಸ್ಟಾಪ್ ಕಮ್ಮಿ. ಜುಲೈ ತಿಂಗಳ ಮೂಡಿಗೆರೆ, ಕೊಟ್ಟಿಗೆಹಾರ ಕಡೆಯಂತೂ ಮಧ್ಯಾಹ್ನವೇ ಸಂಜೆ. ಮೋಡದ ದಿನ ಬೆಳಕು ಮೆತ್ತಗಿರುತ್ತದೆ, 500 ಚೆನ್ನಾಗಿ ನಡೆಯುತ್ತದೆ. ಬಿಸಿಲ ದಿನ ಎಲೆ ಸಂದಿಯಿಂದ ಬೀಳುವ ಚುಕ್ಕಿ ಚುಕ್ಕಿ ಬೆಳಕು ಮುಖದ ಮೇಲೆ ಚೆನ್ನಾಗಿ ಬರುವುದಿಲ್ಲ. ಪೂರ್ತಿ ನೆರಳಿಗೆ ಕರೆಯಿರಿ. ಮಂಜು ತೆಗೆಯುವಾಗ ಒಂದು ಮಾತು: ಬೂದು ಮಂಜಿನಲ್ಲಿ ಗ್ರೇನ್ ಅಡಗಲು ಜಾಗವೇ ಇಲ್ಲ. ಅಲ್ಲಿಗೆ ಸಾಧ್ಯವಾದರೆ 200ಟಿ ಹಾಕಿ.

ಸಂಜೆ ಕಣದಲ್ಲಿ ಕಾಫಿ ಹಣ್ಣು ತೂಕ ಹಾಕೋದು ತೆಗೀಬೇಕು. ಎಷ್ಟು ಹೊತ್ತು ಸಿಗುತ್ತೆ?

ನಾವಿರುವುದು 13 ಡಿಗ್ರಿ ಅಕ್ಷಾಂಶದ ಹತ್ತಿರ. ಸೂರ್ಯ ಮುಳುಗಿದ ಮೇಲೆ ಉಪಯೋಗಕ್ಕೆ ಬರುವ ಬೆಳಕು 22 ನಿಮಿಷದ ಆಸುಪಾಸು, ಅಷ್ಟೇ. ಡಿಸೆಂಬರಿನಲ್ಲಿ ಆರು ಗಂಟೆ ದಾಟಿದ ಮೇಲೆ ಗಡಿಯಾರ ನೋಡುತ್ತಿರಿ. ಮೊದಲು ಆಕಾಶ ಇರುವ ವೈಡ್ ಶಾಟ್, ಕಣವೆಲ್ಲಾ ಕಾಣುವಂತೆ. ಆಕಾಶವೂ ತಕ್ಕಡಿ ಮೇಲಿನ ಬಲ್ಬೂ ಒಂದೇ ಅಳತೆಗೆ ಬರುವ ಕೆಲವೇ ನಿಮಿಷ ಮಧ್ಯದಲ್ಲಿ ಸಿಗುತ್ತದೆ, ಅದನ್ನು ಬಿಡಬೇಡಿ. ಆಮೇಲೆ ಬಲ್ಬಿನ ಕೆಳಗಿನ ಕೈ, ಮುಖ, ಪುಸ್ತಕದಲ್ಲಿ ಬರೆಯುವ ರೈಟರು. ಎಲ್‌ಇಡಿ ಇದ್ದರೆ ಒಂದು ಸಂಜೆಯ ಮಟ್ಟಿಗೆ ಫಿಲಮೆಂಟ್ ಬಲ್ಬ್ ಹಾಕಲು ಕೇಳಿಕೊಳ್ಳಿ.

ಬೇಲೂರು ದೇವಸ್ಥಾನದ ಒಳಗೆ?

ಮೊದಲು ಅನುಮತಿ. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಜಾಗ, ಟ್ರೈಪಾಡ್ ಇಡಲು ಕೇಳಲೇಬೇಕು. ಗರ್ಭಗುಡಿ ಕಡೆ ಕ್ಯಾಮೆರಾ ತಿರುಗಿಸಬೇಡಿ.

1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದಾಗ ಈ ಮಂಟಪ ತೆರೆದೇ ಇತ್ತು. ವೀರಬಲ್ಲಾಳನ ಕಾಲದಲ್ಲಿ ಗೋಡೆ, ಕಲ್ಲಿನ ಜಾಲಂಧ್ರ ಸೇರಿಸಿದರು, ಒಳಗೆ ಕತ್ತಲಾಯಿತು. ಈಗ ನವರಂಗದ ಕಂಬಗಳಿಗೆ ಬೆಳಕು ಬರುವುದು ಬಾಗಿಲಿಂದ ಮತ್ತು ಆ ತೂತುಗಳಿಂದ. ಹೊಳಪು ಕೊಟ್ಟ ಕಂಬಗಳ ಅಂಚಿನಲ್ಲಿ ಬಾಗಿಲ ಬೆಳಕು ಗೆರೆಯಾಗಿ ಹೊಳೆಯುತ್ತದೆ. ಆ ಗೆರೆಗೆ ಅಳೆದು, ಉಳಿದ ಕಂಬ ಕಪ್ಪಾಗಲು ಬಿಡಿ.

ಕಂಬ ಅಲುಗುವುದಿಲ್ಲ, ಅದೊಂದು ಅನುಕೂಲ. ಬೋಲೆಕ್ಸ್‌ನಲ್ಲಿ ಒಂದೊಂದೇ ಫ್ರೇಮನ್ನು ಬೇಕಾದಷ್ಟು ಹೊತ್ತು ತೆರೆದಿಡುವ ‘ಟಿ’ (ಟೈಮ್) ಸ್ಥಾನ ಇದೆ. ಒಂದು ಸೆಕೆಂಡ್ ಕೊಟ್ಟರೆ ಆರು ಸ್ಟಾಪಿಗೂ ಮೇಲೆ ಲಾಭ. 500ಟಿಗೆ ಒಂದು ಸೆಕೆಂಡಿನವರೆಗೆ ಯಾವ ತಿದ್ದುಪಡಿಯೂ ಬೇಡ. ತೆರೆಯ ಮೇಲಿನ ಒಂದು ಸೆಕೆಂಡಿಗೆ 24 ಸಲ ಒತ್ತಬೇಕು, ತಾಳ್ಮೆ ಇರಲಿ. ಐಪೀಸ್ ಮುಚ್ಚುವುದನ್ನು ಮರೆಯಬೇಡಿ, ಅಲ್ಲಿಂದಲೂ ಬೆಳಕು ಒಳಗೆ ನುಗ್ಗಿ ಫಿಲ್ಮ್ ಮಬ್ಬಾಗುತ್ತದೆ.

ಯಕ್ಷಗಾನಕ್ಕೆ ಏನು ಹೇಳ್ತೀರಿ?

ರಂಗಸ್ಥಳದಲ್ಲಿ ಈಗ ಲೈಟು ಬೇಕಾದಷ್ಟಿರುತ್ತದೆ. ಕಿರೀಟದ ಮಿಂಚು ಮೀಟರಿಗೆ ಮೋಸ ಮಾಡುತ್ತದೆ, ಕೆನ್ನೆಯನ್ನೇ ಅಳೆಯಿರಿ. ನನ್ನ ಕೇಳಿದರೆ ಒಳ್ಳೆ ಚಿತ್ರಗಳು ಚೌಕಿಯಲ್ಲಿವೆ. ಬಣ್ಣ ಹಚ್ಚಿಕೊಳ್ಳುವವರು ಬಲ್ಬಿಗೆ ಮುಖ ಕೊಟ್ಟೇ ಕೂತಿರುತ್ತಾರೆ, ಹೆಚ್ಚು ಅಲುಗುವುದೂ ಇಲ್ಲ. ಸ್ಪ್ರಿಂಗ್ ಕ್ಯಾಮೆರಾದ ಗರಗರ ಸದ್ದಿಗೆ ಮೊದಲೇ ಒಪ್ಪಿಗೆ ಕೇಳಿ.

ಬೀರುವಿನಲ್ಲಿ ಹಳೇ ಫಿಲ್ಮೂ ಸಿಕ್ಕಿದೆ. ಹಾಕಬಹುದಾ?

ಕತ್ತಲಿಗೆ ಬೇಡ. ಹಳತಾದಷ್ಟೂ ವೇಗ ಇಳಿಯುತ್ತದೆ, ಮಬ್ಬು ಏರುತ್ತದೆ. ಹತ್ತು ವರ್ಷಕ್ಕೆ ಒಂದು ಸ್ಟಾಪ್ ಎಂದು ಲೆಕ್ಕ ಹಿಡಿಯುವುದು ರೂಢಿ, ಫಾಸ್ಟ್ ಫಿಲ್ಮಿಗೆ ಇನ್ನೂ ಬೇಗ. ಅದು ಕೊಡಾಕ್ರೋಮ್ ಆಗಿದ್ದರೆ ಬಣ್ಣದಲ್ಲಿ ತೊಳೆದುಕೊಡುವ ಲ್ಯಾಬೇ ಜಗತ್ತಿನಲ್ಲಿ ಉಳಿದಿಲ್ಲ. ಕೊನೆಯದು 2010ರ ಅಂತ್ಯಕ್ಕೆ ಹೊಸ ರೋಲ್ ತೆಗೆದುಕೊಳ್ಳುವುದನ್ನು ನಿಲ್ಲಿಸಿತು.

500ಟಿ ರೋಲಿನಲ್ಲಿ ಅರ್ಧ ಉಳಿದಿದೆ. ಬಿಸಿಲಲ್ಲಿ ಮುಗಿಸಲಾ?

ಪುಶ್ ಮಾಡಿಸುವುದಿಲ್ಲ ಎಂದಾದರೆ ಮುಗಿಸಿ. 85 ಜೊತೆಗೆ ಬೆಳಕು ಕಮ್ಮಿ ಮಾಡುವ ಎನ್‌ಡಿ 0.6 ಫಿಲ್ಟರ್ ಹಾಕಿ ಎಫ್ 16 ಇಡಿ.

ಮಲೆನಾಡಿನ ಥಂಡಿಗೆ ಲೆನ್ಸ್, ಫಿಲ್ಮ್ ಹೇಗೆ ಕಾಪಾಡಲಿ?

ಲೆನ್ಸ್ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್. ಹಗಲಲ್ಲಿ ಅದು ಅಷ್ಟು ಕಾಡುವುದಿಲ್ಲ, ರಾತ್ರಿ ದೀಪದ ಸುತ್ತ ದೊಡ್ಡ ಮಬ್ಬು ಕಟ್ಟುತ್ತದೆ. ಗಟ್ಟಿ ಮುಚ್ಚಳದ ಡಬ್ಬ, ಒಳಗೆ ಸಿಲಿಕಾ ಜೆಲ್, ತಿಂಗಳಿಗೊಮ್ಮೆ ಜೆಲ್ ಒಣಗಿಸುವುದು. ಅಕ್ಕಿಯಲ್ಲಿ ಹೂತಿಡುವವರಿದ್ದಾರೆ, ಅದರ ಧೂಳು ಫಿಲ್ಮ್ ಹಾದುಹೋಗುವ ಗೇಟಿಗೆ ಸೇರಿದರೆ ಫಿಲ್ಮ್ ಉದ್ದಕ್ಕೂ ಗೀರು. ಫ್ರಿಜ್‌ನಿಂದ ತೆಗೆದ ಫಿಲ್ಮನ್ನು ಡಬ್ಬ ಬಿಚ್ಚದೆ ಒಂದೆರಡು ಗಂಟೆ ಹೊರಗಿಡಿ, ಇಲ್ಲದಿದ್ದರೆ ಬೆವರುತ್ತದೆ. 100 ಅಡಿಯ ರೋಲನ್ನು ಬಿಸಿಲಲ್ಲಿ ಲೋಡ್ ಮಾಡಬೇಡಿ. ಫಾಸ್ಟ್ ಫಿಲ್ಮಿನ ಅಂಚು ಬೇಗ ಸುಡುತ್ತದೆ, ನೆರಳಿನ ಒಳಕೋಣೆಯಲ್ಲೇ ಹಾಕಿ.

ತೆಗೆದಾದ ಮೇಲೆ?

ಬೇಗ ಕಳಿಸಿ, ಮಳೆಗಾಲದಲ್ಲಿ ತಿಂಗಳುಗಟ್ಟಲೆ ಇಟ್ಟುಕೊಳ್ಳಬೇಡಿ. ಲ್ಯಾಬ್‌ಗೆ ಮೊದಲೇ ಫೋನ್ ಮಾಡಿ ಮೂರು ವಿಷಯ ಕೇಳಿ: ಇಸಿಎನ್-2 (ಕಲರ್ ಮೂವಿ ನೆಗೆಟಿವ್ ತೊಳೆಯುವ ವಿಧಾನ) ಮಾಡ್ತೀರಾ, ನನ್ನ ಅಳತೆಯ ಫಿಲ್ಮ್ ತಗೋತೀರಾ, ಪುಶ್ ಆಗುತ್ತಾ. ಊರಿನ ಸ್ಟುಡಿಯೋದ ಮಾಮೂಲಿ ಸಿ-41 ಯಂತ್ರಕ್ಕೆ ಇದನ್ನು ಕೊಡಬಾರದು. ಮೂವಿ ನೆಗೆಟಿವ್‌ಗೆ ಇಷ್ಟು ವರ್ಷ ಹಿಂಬದಿಯಲ್ಲಿ ರೆಮ್‌ಜೆಟ್ ಎಂಬ ಕಪ್ಪು ಪದರ ಬಳಿದಿರುತ್ತಿತ್ತು. ಅದು ಕಳಚಿಕೊಂಡರೆ ಅವರ ಯಂತ್ರವೂ ಹಾಳು, ನಿಮ್ಮ ರೋಲೂ ಹಾಳು. ವಿಮಾನದಲ್ಲಿ ಒಯ್ಯುವುದಾದರೆ ಕೈಚೀಲದಲ್ಲೇ ಇಟ್ಟುಕೊಂಡು ಕೈಯಿಂದ ತಪಾಸಣೆ ಮಾಡಲು ಕೇಳಿಕೊಳ್ಳಿ. ಹೊಸ ಸಿಟಿ ಸ್ಕ್ಯಾನರ್‌ಗಳು ಫಾಸ್ಟ್ ಫಿಲ್ಮನ್ನು ಒಂದೇ ಸಲಕ್ಕೆ ಮಬ್ಬಾಗಿಸಬಲ್ಲವು. ಡಬ್ಬದ ಮೇಲೆ ಫಿಲ್ಮ್ ಹೆಸರು, ಯಾವ ಐಎಸ್‌ಒಗೆ ಅಳೆದದ್ದು, ಪುಶ್ ಬೇಕೋ ಬೇಡವೋ, ಇಷ್ಟನ್ನು ದಪ್ಪ ಅಕ್ಷರದಲ್ಲಿ ಬರೆದು, ಮೇಲೆ ಅಂಟುಟೇಪ್ ಹಾಕಿ ಕೊರಿಯರ್‌ಗೆ ಕೊಡಿ.